ಗೆಜ್ಜೆ ಬಿಚ್ಚಿದ ಮೇಲಿನ ತಿಂಗಳುಗಳು: ಕೂಲಿ ಮನೆಯಿಂದ ಬಂದವರು ರಂಗಭೂಮಿಯಲ್ಲಿ ಉಳಿಯುವ ಲೆಕ್ಕ

ಕೂಲಿ ಮನೆಯ ಹುಡುಗ ಹುಡುಗಿಯರಿಗೆ ಕನ್ನಡ ರಂಗಭೂಮಿಯ ಬಾಗಿಲು ಮುಚ್ಚಿಲ್ಲ. ಶಾಲಾ ವಾರ್ಷಿಕೋತ್ಸವ, ಊರಹಬ್ಬದ ನಾಟಕ, ಕಾಲೇಜಿನ ತಂಡ, ಬೀದಿನಾಟಕ ಹೀಗೆ ಒಳಗೆ ಬರಲು ದಾರಿ ಹಲವು. ಬಂದವರು ಹತ್ತು ವರ್ಷವಾದರೂ ಇಲ್ಲೇ ಇರುತ್ತಾರಾ ಅನ್ನುವುದು ಬೇರೆ ಮಾತು. ಇಪ್ಪತ್ತೆರಡರಲ್ಲಿ ಎಲ್ಲರ ಬಾಯಲ್ಲಿ ಹೆಸರು ಬಂದಿದ್ದ ನಟ, ಇಪ್ಪತ್ತೊಂಬತ್ತಕ್ಕೆ ಡೆಲಿವರಿ ಬ್ಯಾಗ್ ಹೊತ್ತು ಓಡಾಡುತ್ತಿರುತ್ತಾನೆ. ಅಷ್ಟರಲ್ಲಿ ಅವನ ನಟನೆಯೇನೂ ಕೆಟ್ಟಿರುವುದಿಲ್ಲ. ಯಾವುದೋ ಒಂದು ಆಗಸ್ಟ್ ತಿಂಗಳಲ್ಲಿ ಮನೆ ಬಾಡಿಗೆ ಕಟ್ಟಲಾಗದೆ ಹಿಡಿದ ಕೆಲಸ ಅದು. ನವೆಂಬರ್‌ನಲ್ಲಿ ಬಿಟ್ಟು ಬರಲು ಆಗಲಿಲ್ಲ, ಅಷ್ಟೇ.

ಯಾಕೆ ಆಗಸ್ಟ್? ನಮ್ಮ ರಂಗಭೂಮಿಯ ದುಡಿಮೆ ಇವತ್ತಿಗೂ ಮಳೆಯ ಲೆಕ್ಕದಲ್ಲೇ ನಡೆಯುತ್ತದೆ. ಯಕ್ಷಗಾನ ಮೇಳಗಳು ದೀಪಾವಳಿಯ ಆಸುಪಾಸಿನಲ್ಲಿ ಹೊರಟು, ಮೇ ಕೊನೆಯ ಪತ್ತನಾಜೆಯ (ತುಳುನಾಡಿನಲ್ಲಿ ಆಟಗಳ ಹಂಗಾಮು ಮುಗಿಯುವ ದಿನ) ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ವೃತ್ತಿ ನಾಟಕ ಕಂಪನಿಗಳು ಜಾತ್ರೆ ನೋಡಿಕೊಂಡು ಕ್ಯಾಂಪ್ ಹಾಕುತ್ತವೆ. ಜನವರಿ ಸುಮಾರಿಗೆ ಬರುವ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಹಲವು ಕಂಪನಿಗಳ ಟೆಂಟು ಅಕ್ಕಪಕ್ಕದಲ್ಲೇ ಎದ್ದಿರುತ್ತವೆ. ಹೆಗ್ಗೋಡಿನ ನೀನಾಸಂ 1985ರಲ್ಲಿ ಶುರುಮಾಡಿದ ತಿರುಗಾಟ, ಸಾಣೇಹಳ್ಳಿಯ ಶಿವಸಂಚಾರ ಇಂಥ ನಾಟಕ ತಂಡಗಳೂ ಮಳೆ ನಿಂತ ಮೇಲೆ ಊರೂರಿಗೆ ಹೊರಡುವಂಥವು. ಏಪ್ರಿಲ್, ಮೇ ಬಂದರೆ ಮಕ್ಕಳ ಬೇಸಿಗೆ ಶಿಬಿರ. ಜೂನ್‌ನಿಂದ ಅಕ್ಟೋಬರ್‌ವರೆಗೆ ತಾಲೀಮು ಇರುತ್ತದೆ, ಮಾತುಕತೆ ಇರುತ್ತದೆ, ಕಾಸು ಇರುವುದಿಲ್ಲ.

ಇದು ಹೊಸ ಕಷ್ಟವಲ್ಲ. ಹಳೆಯ ಕಂಪನಿಗಳು ಇದಕ್ಕೆ ತಮ್ಮದೇ ಪರಿಹಾರ ಕಂಡುಕೊಂಡಿದ್ದವು. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಂಥ ಕಡೆ ಸೇರಿದ ಹುಡುಗನಿಗೆ ಸಂಬಳ ಎಷ್ಟಾದರೂ ಇರಲಿ, ಎರಡು ಹೊತ್ತಿನ ಊಟ, ಮಲಗಲು ಜಾಗ, ಕಲಿಯಲು ಗುರು ಸಿಗುತ್ತಿದ್ದರು. ಮಂಚಿಯಿಂದ ಮನೆ ಬಿಟ್ಟು ಬಂದು ಅಲ್ಲಿ ಸೇರಿದ ಬಿ.ವಿ. ಕಾರಂತರನ್ನು ಗುಬ್ಬಿ ವೀರಣ್ಣನವರೇ ಕಾಶಿಗೆ ಎಂ.ಎ. ಓದಲು ಕಳಿಸಿದರು. ಅದೇ ಕಾರಂತರು ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಇವರೆಲ್ಲ ಕಂಪನಿಯ ಅನ್ನ ಉಂಡು ಬೆಳೆದವರೇ. ಕಂಪನಿಯೊಳಗೆ ಶೋಷಣೆಯೂ ಇತ್ತು, ಸಾಲದ ಮೇಲೆ ಸಾಲವೂ ಇತ್ತು, ಅದನ್ನು ಮರೆಯಬೇಕಿಲ್ಲ. ಆದರೆ ಆಟವಿಲ್ಲದ ದಿನ ಊಟ ಯಾರ ಜವಾಬ್ದಾರಿ ಅನ್ನುವುದಕ್ಕೆ ಅಲ್ಲಿ ಉತ್ತರವಿತ್ತು. ಇವತ್ತಿನ ಹವ್ಯಾಸಿ ತಂಡದಲ್ಲಿ ಆ ಉತ್ತರ ಇಲ್ಲ. ಹಗಲು ಬ್ಯಾಂಕಿನಲ್ಲೋ ಶಾಲೆಯಲ್ಲೋ ಸಂಬಳ ಎಣಿಸಿ ಸಂಜೆ ತಾಲೀಮಿಗೆ ಬರುವವರಿಗಾಗಿ ಹುಟ್ಟಿದ ವ್ಯವಸ್ಥೆ ಅದು. ಹಗಲಿನ ಸಂಬಳ ಇಲ್ಲದವರು ಅದರೊಳಗೆ ಬಂದಾಗ ಇಡೀ ಲೆಕ್ಕ ತಪ್ಪುತ್ತದೆ.

ವರ್ಷದ ಲೆಕ್ಕ ಸರಿ, ತಿಂಗಳ ಲೆಕ್ಕ ತಪ್ಪು

ಒಂದು ಉದಾಹರಣೆ ಹಿಡಿಯೋಣ. ಅಂಕಿಗಳು ಲೆಕ್ಕ ತೋರಿಸಲು ಮಾತ್ರ. ನಿಮ್ಮ ಅಂಕಿ ಹಾಕಿ ನೋಡಬಹುದು. ನವೆಂಬರ್‌ನಿಂದ ಮಾರ್ಚ್‌ವರೆಗೆ ತಿರುಗಾಟ, ಊಟ ವಸತಿ ಬಿಟ್ಟು ತಿಂಗಳಿಗೆ 15,000, ಒಟ್ಟು 75,000 ರೂಪಾಯಿ. ಏಪ್ರಿಲ್, ಮೇ ಶಿಬಿರಗಳಿಂದ 40,000. ಆಗಸ್ಟ್‌ನಲ್ಲಿ ಧಾರಾವಾಹಿಯ ಸಣ್ಣ ಪಾತ್ರ, 20 ದಿನಕ್ಕೆ 40,000. ಎಲ್ಲ ಕೂಡಿದರೆ 1,55,000. ಮನೆಗೆ ತಿಂಗಳಿಗೆ 12,000 ಬೇಕು ಅಂದರೆ ವರ್ಷಕ್ಕೆ 1,44,000. ಕೈಯಲ್ಲಿ 11,000 ಉಳಿಯಬೇಕು.

ಈಗ ಅದನ್ನೇ ತಿಂಗಳು ತಿಂಗಳಾಗಿ ಬರೆಯಿರಿ. ಮಾರ್ಚ್ ಕೊನೆಗೆ ಉಳಿತಾಯ 15,000. ಶಿಬಿರ ಮುಗಿದ ಮೇಲೆ ಅದು 31,000. ಜೂನ್‌ನಿಂದ ತಿಂಗಳಿಗೆ 12,000 ಹೋಗುತ್ತಾ ಆಗಸ್ಟ್ ಮಧ್ಯಕ್ಕೆ ಡಬ್ಬಿ ಬರಿದು. ಧಾರಾವಾಹಿಯ ಕೆಲಸ ಆಗಸ್ಟ್‌ನಲ್ಲಿ ಮುಗಿದಿದೆ ನಿಜ, ದುಡ್ಡು ಬರುವುದು ನವೆಂಬರ್‌ಗೆ. ಟಿ.ವಿ. ಕೆಲಸದಲ್ಲಿ ಬಿಲ್ಲು ಪಾಸಾಗಲು ಎರಡು ಮೂರು ತಿಂಗಳು ಹಿಡಿಯುವುದು ಮಾಮೂಲು. ನಡುವಿನ ಎರಡೂವರೆ ತಿಂಗಳಿಗೆ ಕೊರತೆ 29,000 ರೂಪಾಯಿ. ವರ್ಷದ ಲೆಕ್ಕದಲ್ಲಿ ಲಾಭದಲ್ಲಿರುವ ಮನುಷ್ಯ ಸೆಪ್ಟೆಂಬರ್‌ನಲ್ಲಿ ಸಾಲಕ್ಕೆ ಕೈ ಚಾಚುತ್ತಾನೆ.

ಸಂಬಳದ ಅಪ್ಪನೋ ಜಮೀನಿನ ಅಜ್ಜನೋ ಇರುವ ಮನೆಯಲ್ಲಿ ಈ 29,000 ಕಾಣಿಸುವುದೇ ಇಲ್ಲ. ಮನೆಯವರು ಎರಡು ತಿಂಗಳು ನೋಡಿಕೊಳ್ಳುತ್ತಾರೆ, ಆಮೇಲೆ ಮರೆತೂ ಬಿಡುತ್ತಾರೆ. ಕೂಲಿ ಮನೆಯಲ್ಲಿ ಅದು ನೂರಕ್ಕೆ ಐದರ ಕೈಸಾಲವಾಗುತ್ತದೆ. 30,000ಕ್ಕೆ ತಿಂಗಳಿಗೆ 1,500 ಬರೀ ಬಡ್ಡಿ. ಅಥವಾ ಮುಂದಿನ ಹಂಗಾಮಿನ ಮುಂಗಡವಾಗುತ್ತದೆ. ಮೇಳದ ಯಜಮಾನರ ಹತ್ತಿರವೋ ಕಂಪನಿ ಮಾಲೀಕರ ಹತ್ತಿರವೋ ಮಳೆಗಾಲದಲ್ಲಿ ಮುಂಗಡ ತೆಗೆದುಕೊಂಡವನು ಮುಂದಿನ ತಿರುಗಾಟದ ಸಂಬಳ ಮಾತಾಡುವಾಗ ಬಾಯಿ ಬಿಡುವ ಹಾಗಿಲ್ಲ. ಒಳ್ಳೆಯ ಕಡೆಯಿಂದ ಕರೆ ಬಂದರೂ ಹೋಗುವ ಹಾಗಿಲ್ಲ. ಮುಂಗಡಕ್ಕೆ ಬಡ್ಡಿ ಇಲ್ಲ ಅನ್ನುತ್ತಾರೆ. ಬಡ್ಡಿ ಸಂಬಳದೊಳಗೇ ಇರುತ್ತದೆ.

ಹಾಗಾಗಿ ಮೊದಲ ಗುರಿ ದೊಡ್ಡ ಪಾತ್ರವಲ್ಲ, ಆಗಸ್ಟ್ ಮಧ್ಯದಿಂದ ಅಕ್ಟೋಬರ್‌ವರೆಗಿನ ಆ ಎರಡೂವರೆ ತಿಂಗಳು. ತಿರುಗಾಟದ ಐದು ತಿಂಗಳಲ್ಲಿ ನಿಮ್ಮ ಊಟದ ಖರ್ಚು ತಂಡದ್ದು. ಮನೆಗೆ 12,000ದ ಬದಲು 10,000 ಕಳಿಸಿದರೂ ಐದು ತಿಂಗಳಿಗೆ ಇನ್ನೂ 10,000 ಉಳಿಯುತ್ತದೆ. ಮನೆಯಲ್ಲಿ ಇದನ್ನು ನವೆಂಬರ್‌ನಲ್ಲೇ ಹೇಳಿ ಒಪ್ಪಿಸಬೇಕು. ಆಗಸ್ಟ್‌ನಲ್ಲಿ ಹೇಳಿದರೆ ಅದು ಜಗಳ. ಉಳಿದ 19,000ಕ್ಕೆ ಮಳೆಗಾಲದಲ್ಲಿ ದುಡಿಯುವ ಎರಡನೇ ಕೈಕೆಲಸ ಬೇಕು.

ನಾಟಕದಲ್ಲಿ ದುಡ್ಡು ಯಾರಿಗೆ ಹೋಗುತ್ತದೆ

ಎರಡನೇ ಕೆಲಸ ಯಾವುದು ಅಂತ ಹುಡುಕುವ ಮೊದಲು ಹಳೇ ಮೈಸೂರು ಸೀಮೆಯ ಹಳ್ಳಿಯ ಪೌರಾಣಿಕ ನಾಟಕವನ್ನು ಒಮ್ಮೆ ನೋಡಬೇಕು. ಅಲ್ಲಿ ದುರ್ಯೋಧನ, ಭೀಮ, ಕರ್ಣನ ಪಾತ್ರ ಮಾಡುವವರೇ ದುಡ್ಡು ಕಟ್ಟುತ್ತಾರೆ. ಪಾತ್ರ ದೊಡ್ಡದಾದಷ್ಟೂ ಕಟ್ಟುವ ಹಣ ಹೆಚ್ಚು. ಹೊಲ ಮನೆ ಇರುವವರು, ಗುತ್ತಿಗೆದಾರರು, ನೌಕರಿಯವರು ಆಸೆಪಟ್ಟು ಕಟ್ಟಿ ಕುಣಿಯುತ್ತಾರೆ. ಆ ಹಣ ತಿಂಗಳುಗಟ್ಟಲೆ ಹಾಡು, ಮಾತು ಕಲಿಸಿದ ಹಾರ್ಮೋನಿಯಂ ಮೇಷ್ಟ್ರಿಗೆ, ತಬಲಾದವರಿಗೆ, ಸೀನರಿಯವರಿಗೆ, ಮೇಕಪ್‌ನವರಿಗೆ, ಲೈಟು ಮೈಕಿನವರಿಗೆ, ಹೊರಗಿನಿಂದ ಕರೆಸಿದ ಸ್ತ್ರೀಪಾತ್ರದ ಕಲಾವಿದೆಯರಿಗೆ ಹೋಗುತ್ತದೆ.

ಅಂದರೆ ಮೀಸೆ ತಿರುವುವವನು ಗಿರಾಕಿ, ಅವನ ಹಿಂದೆ ನಿಂತವರು ವೃತ್ತಿಯವರು. ಇದನ್ನು ಕೀಳಾಗಿ ಕಾಣುವ ನಗರದ ರಂಗಕರ್ಮಿಗಳಿದ್ದಾರೆ. ಆದರೆ ಅವರ ರಂಗಮಂದಿರದಲ್ಲೂ ಕತೆ ಹೆಚ್ಚು ಬೇರೆಯಲ್ಲ. ಒಂದು ಪ್ರದರ್ಶನದ ದಿನ ಸಭಾಂಗಣದ ಬಾಡಿಗೆ, ಲೈಟಿನ ಬಾಡಿಗೆ, ಸೆಟ್ ಸಾಗಿಸಿದ ಗಾಡಿಯ ಬಾಡಿಗೆ ಅಂದೇ ಚುಕ್ತಾ ಆಗುತ್ತವೆ. ನಟರಿಗೆ 'ಉಳಿದರೆ ನೋಡೋಣ'.

ಆದ್ದರಿಂದ ನಟನೆಯ ಜೊತೆಗೆ, ಅಂದೇ ಚುಕ್ತಾ ಆಗುವ ಒಂದು ಕೆಲಸ ಕೈಯಲ್ಲಿರಬೇಕು. ಕೂಲಿ ಮನೆಯಿಂದ ಬಂದವರಿಗೆ ಇಲ್ಲಿ ನಿಜವಾದ ಮೇಲುಗೈ ಇದೆ. ಮನೆಯಲ್ಲಿ ಕಲಿತ ಕಸುಬು ಇಲ್ಲಿ ಹಾಗೇ ಬಳಕೆಗೆ ಬರುತ್ತದೆ. ಗಾರ್ಮೆಂಟ್ಸ್‌ನಲ್ಲಿ ಮೆಷಿನ್ ತುಳಿದವರಿಗೆ ಪೋಷಾಕು ಹೊಲಿಯುವುದು ಒಂದು ತಿಂಗಳ ಕಲಿಕೆ. ರಂಗದ ಬಟ್ಟೆಗೆ ಎರಡೇ ವ್ಯತ್ಯಾಸ ಗೊತ್ತಿರಬೇಕು. ಪಾತ್ರ ಒಂದೇ ಇದ್ದರೂ ನಟ ಬದಲಾಗುತ್ತಾನೆ, ಹಾಗಾಗಿ ಪಕ್ಕದ ಹೊಲಿಗೆಯಲ್ಲಿ ಎರಡು ಇಂಚು ಬಟ್ಟೆ ಒಳಗೆ ಬಿಡಬೇಕು; ಗಾರ್ಮೆಂಟ್ಸ್‌ನ ಅರ್ಧ ಇಂಚಿನ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಇನ್ನೊಂದು, ಅರ್ಧ ನಿಮಿಷದಲ್ಲಿ ಬದಲಿಸುವ ಬಟ್ಟೆಗೆ ಎಲ್ಲರೂ ವೆಲ್ಕ್ರೋ ಹಾಕುತ್ತಾರೆ. ಅದು ಜರಿಗೆ ಸಿಕ್ಕಿ ಎಳೆ ಕೀಳುತ್ತದೆ, ಪರ್ ಅಂತ ಸದ್ದು ಮಾಡಿ ಮೌನದ ದೃಶ್ಯ ಕೆಡಿಸುತ್ತದೆ. ಅಂಥ ಕಡೆ ದೊಡ್ಡ ಹುಕ್ಕು ಅಥವಾ ಪ್ರೆಸ್ ಬಟನ್ ಒಳ್ಳೆಯದು. ಬಡಗಿ, ವೆಲ್ಡಿಂಗ್ ಮನೆಯವರಿಗೆ ಸೆಟ್ಟಿನ ಕೆಲಸ. ಗಾಡಿ ಓಡಿಸುವ ಲೈಸೆನ್ಸ್ ಇದ್ದ ನಟನನ್ನು ಯಾವ ತಿರುಗಾಟದ ತಂಡವೂ ಬೇಡ ಅನ್ನುವುದಿಲ್ಲ.

ಇವೆಲ್ಲದರಲ್ಲಿ ಬೆಳಕಿನ ಕೆಲಸದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಐಟಿಐ ಎಲೆಕ್ಟ್ರಿಷಿಯನ್ ಓದಿದ ಎಷ್ಟೋ ಹುಡುಗರು ನಾಟಕದ ಹುಚ್ಚಿಗೆ ಆ ಪ್ರಮಾಣಪತ್ರವನ್ನು ಪೆಟ್ಟಿಗೆಯ ತಳಕ್ಕೆ ಹಾಕಿರುತ್ತಾರೆ. ಬೆಳಕು ಮಾಡುವವರು ಬೇಕಾದಷ್ಟು ಜನ ಇದ್ದಾರೆ. ವಿದ್ಯುತ್ ಅರ್ಥವಾದವರು ಕಡಿಮೆ. ರಂಗಕ್ಕೆ ಬೆಳಕು ಚೆಲ್ಲುವ ಒಂದು ಹಳೆಯ ಹ್ಯಾಲೊಜೆನ್ ಪಾರ್ ಲೈಟು 1,000 ವ್ಯಾಟ್ ತಿನ್ನುತ್ತದೆ. ಎಂಟು ಲೈಟು ಪೂರ್ತಿ ಹೊತ್ತಿದರೆ 8,000 ವ್ಯಾಟ್; 230 ವೋಲ್ಟಿಗೆ ಸುಮಾರು 35 ಆಂಪಿಯರ್. ಹಳ್ಳಿಯ ಶಾಲೆಯ ಅಥವಾ ದೇವಸ್ಥಾನದ ಸಾಮಾನ್ಯ ಕನೆಕ್ಷನ್ನಿನಿಂದ ಎಳೆದರೆ ಕ್ಲೈಮ್ಯಾಕ್ಸಿನಲ್ಲಿ ಎಲ್ಲ ದೀಪ ಒಟ್ಟಿಗೆ ಏರಿಸಿದಾಗ ಎಂಸಿಬಿ (ಭಾರ ಹೆಚ್ಚಾದರೆ ಕರೆಂಟು ಕಡಿಯುವ ಸ್ವಿಚ್ಚು) ಬಿದ್ದು ರಂಗ ಕತ್ತಲು. ತಾಲೀಮಿನಲ್ಲಿ ಬೀಳಲಿಲ್ಲವಲ್ಲ ಅನ್ನುತ್ತಾರೆ. ತಾಲೀಮಿನಲ್ಲಿ ಎಂಟೂ ದೀಪ ಪೂರ್ತಿ ಏರಿಸಿರುವುದಿಲ್ಲ.

ತ್ರೀ ಫೇಸ್ ಇದ್ದರೆ ಭಾರವನ್ನು ಮೂರಕ್ಕೂ ಸಮ ಹಂಚಬೇಕು. ಅದಕ್ಕಿಂತ ದೊಡ್ಡ ಅಪಾಯ ನ್ಯೂಟ್ರಲ್ ತಂತಿ ಸಡಿಲವಾಗುವುದು. ಅದು ಕಳಚಿಕೊಂಡರೆ 230 ಇರಬೇಕಾದ ಕಡೆ 400ರ ಹತ್ತಿರ ಏರಬಹುದು. ಬೆಳಕು ಏರಿಸಿ ಇಳಿಸುವ ಡಿಮ್ಮರ್, ಬಲ್ಬು, ಪಕ್ಕದಲ್ಲಿ ಚಾರ್ಜಿಗಿಟ್ಟ ಮೊಬೈಲು ಎಲ್ಲ ಒಟ್ಟಿಗೆ ಸುಡುತ್ತವೆ. ಪ್ಲಗ್ ಹಾಕುವ ಮೊದಲು ಮಲ್ಟಿಮೀಟರ್ ಹಿಡಿದು ಪ್ರತಿ ಫೇಸಿಗೂ ನ್ಯೂಟ್ರಲ್ಲಿಗೂ ನಡುವಿನ ವೋಲ್ಟೇಜ್ ನೋಡುವುದು, ಕನೆಕ್ಷನ್ನಿನ ಸ್ಕ್ರೂ ಬಿಗಿ ಮಾಡುವುದು, ಅರ್ತ್ ಇದೆಯೇ ಅಂತ ಖಾತ್ರಿ ಮಾಡಿಕೊಳ್ಳುವುದು, ಮೂರೂ ಸೇರಿ ಹದಿನೈದು ನಿಮಿಷದ ಕೆಲಸ. ಈಗ ಬಂದಿರುವ ಎಲ್‌ಇಡಿ ಪಾರ್‌ಗಳಲ್ಲಿ 3 ವ್ಯಾಟಿನ 54 ಬಲ್ಬಿನದು ತಲಾ 160 ವ್ಯಾಟ್ ಸುಮಾರು; ಎಂಟಕ್ಕೂ ಸೇರಿ ಆರು ಆಂಪಿಯರ್ ಆಸುಪಾಸು, ಮನೆಯ ಪ್ಲಗ್ಗೇ ಸಾಕು. ಆದರೆ ಅಗ್ಗದ ಎಲ್‌ಇಡಿಯಲ್ಲಿ ಮುಖ ಹಸಿರು ಹೊಡೆಯುತ್ತದೆ, ಬೆಳಕು ಸಣ್ಣಗೆ ಇಳಿಸುವಾಗ ಕೊನೆಯಲ್ಲಿ ಜಿಗಿಯುತ್ತದೆ. ಮುಖದ ಮೇಲಿನ ಎರಡು ದೀಪ ಹ್ಯಾಲೊಜೆನ್ ಇಟ್ಟು, ಉಳಿದ ಬಣ್ಣಕ್ಕೆ ಎಲ್‌ಇಡಿ ಬಳಸುವುದು ಕಡಿಮೆ ಕನೆಕ್ಷನ್ನಿನ ಊರಿನಲ್ಲಿ ಹೊಂದುವ ದಾರಿ. ಈ ಕೆಲಸ ಗೊತ್ತಿದ್ದವರಿಗೆ ಮಳೆಗಾಲದಲ್ಲೂ ಕಾಲೇಜಿನ ಕಾರ್ಯಕ್ರಮ, ಗಣೇಶನ ಹಬ್ಬ, ದಸರಾ ಇದ್ದೇ ಇವೆ.

ಕರಾವಳಿಯ ಯಕ್ಷಗಾನದವರು ಖಾಲಿ ತಿಂಗಳನ್ನು ತುಂಬಿದ ಬಗೆಯೂ ನೋಡುವಂಥದ್ದು. ಮಳೆಗಾಲದಲ್ಲಿ ನಾಲ್ಕಾರು ಜನ ಸೇರಿ ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಮನೆಮನೆಗೆ ಹೋಗಿ ಸಣ್ಣ ಪ್ರಸಂಗ ಆಡುತ್ತಾರೆ. ಕೂತು ಹಾಡು, ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಗೆ ವೇಷವೂ ಬೇಡ, ಬಯಲೂ ಬೇಡ. ಬೆಂಗಳೂರು, ಮುಂಬಯಿಯ ಸಭಾಂಗಣಗಳ ಆಟಗಳೂ ಈ ತಿಂಗಳುಗಳಲ್ಲೇ. ಚಾವಣಿಯ ಕೆಳಗೆ ಹಿಡಿಸುವಷ್ಟು ಚಿಕ್ಕದು ಮಾಡಿ, ಇದ್ದಲ್ಲಿಗೇ ಒಯ್ಯುವುದು ಆ ಜಾಣತನ. ಇಬ್ಬರು ನಟರು, ಒಂದು ತಬಲಾ, ಮುಕ್ಕಾಲು ಗಂಟೆ, ಶಾಲೆಯ ಒಂದು ಕೋಣೆ. ಇಷ್ಟರಲ್ಲಿ ನಿಲ್ಲುವ ಒಂದು ಪ್ರಯೋಗ ಆಧುನಿಕ ರಂಗಭೂಮಿಯವರ ಕೈಯಲ್ಲೂ ಇದ್ದರೆ ಜೂನ್‌ನಲ್ಲಿ ಶಾಲೆ ತೆರೆಯುವುದೇ ಹಂಗಾಮು.

ಕಲಿಯಲು ಹೋಗುವ ವರ್ಷ

ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಇದೆ. ಮೈಸೂರು ರಂಗಾಯಣದ ಭಾರತೀಯ ರಂಗ ಶಿಕ್ಷಣ ಕೇಂದ್ರ, ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಇವೂ ಒಂದು ವರ್ಷದ ಕಲಿಕೆಗಳು. ದೆಹಲಿಯ ನಾಟಕ ಶಾಲೆಯದು ಮೂರು ವರ್ಷ. ಅಲ್ಲಿ ಆಯ್ಕೆಯಾದವರಿಗೆ ತಿಂಗಳ ವಿದ್ಯಾರ್ಥಿವೇತನ ಸಿಗುತ್ತದೆ. ಅರ್ಜಿ ಹಾಕುವಾಗ ಶುಲ್ಕ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಕೇಳಬೇಕಾದದ್ದು ಇನ್ನೊಂದು: ಈ ವರ್ಷ ಮನೆಗೆ ನನ್ನ ಕೂಲಿ ಬರುವುದಿಲ್ಲ, ಅದನ್ನು ಏನು ಮಾಡುವುದು? ನರೇಗಾದ 2025-26ರ ದಿನಗೂಲಿ 370 ರೂಪಾಯಿ ಹಿಡಿದರೂ ತಿಂಗಳಿಗೆ 25 ದಿನದ ಕೂಲಿ 9,250. ಹತ್ತು ತಿಂಗಳಿಗೆ 92,500. ನಿಜವಾದ ಶುಲ್ಕ ಇದು. ಹೋಗುವ ಮುಂಚಿನ ವರ್ಷವೇ ಮನೆಯ ಸಾಲದ ಕಂತು ಮುಗಿಸಿಕೊಳ್ಳುವುದು, ತಮ್ಮ ತಂಗಿಯರ ಹಾಸ್ಟೆಲ್ ಅರ್ಜಿ ಹಾಕಿಸುವುದು ಇಂಥ ಕೆಲಸ ಮಾಡಿಟ್ಟವರು ಡಿಸೆಂಬರ್‌ನಲ್ಲಿ ಕೋರ್ಸು ಬಿಟ್ಟು ವಾಪಸ್ ಬರುವ ಪ್ರಮೇಯ ಕಡಿಮೆ.

ಪದವಿಯನ್ನು ಅರ್ಧಕ್ಕೆ ಬಿಟ್ಟು ರಂಗಶಾಲೆಗೆ ಓಡಬಾರದು. ದೆಹಲಿಯ ನಾಟಕ ಶಾಲೆಗೆ ಪದವಿ ಬೇಕೇಬೇಕು. ಶಾಲೆ ಕಾಲೇಜಿನಲ್ಲಿ ನಾಟಕ ಕಲಿಸುವ ಕೆಲಸ ಬಂದರೂ ಮೊದಲು ಕೇಳುವುದು ಅದನ್ನೇ. ಕೂಲಿ ಮಾಡುತ್ತಲೇ ಓದುವವರಿಗೆ ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ.

ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25ರ ವಯಸ್ಸಿನವರಿಗೆ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ರಂಗಭೂಮಿಯೂ ಅದರಲ್ಲಿದೆ. 25 ದಾಟಿದ ಮೇಲೆ 40ರವರೆಗೆ ಕಿರಿಯ ಫೆಲೋಶಿಪ್, ತಿಂಗಳಿಗೆ 10,000. ಓದಲು ಚೆಂದ, ಆದರೆ ಹಣ ತಿಂಗಳು ತಿಂಗಳು ಬರುವುದಿಲ್ಲ. ಆರಾರು ತಿಂಗಳ ಕಂತು, ಅದೂ ವರದಿ ಕೊಟ್ಟ ಮೇಲೆ. 'ತಿಂಗಳಿಗೆ ಐದು ಸಾವಿರ ಬರುತ್ತೆ' ಅಂತ ನಂಬಿ ಬಾಡಿಗೆ ಕೋಣೆ ಹಿಡಿದರೆ ಮೊದಲ ಕಂತಿನ ಹೊತ್ತಿಗೆ ಮಾಲೀಕರು ಬೀಗ ಬದಲಿಸಿರುತ್ತಾರೆ. ಅದನ್ನು ಇಡುಗಂಟು ಅಂತಲೇ ಎಣಿಸಿ, ಬಂದ ದಿನ ಆರು ಭಾಗ ಮಾಡಿ ಎತ್ತಿಡುವುದು ಸರಿ.

ಒಪ್ಪಿಕೊಳ್ಳುವ ಮೊದಲು

'ಅವಕಾಶ ಕೊಡ್ತಿದೀವಲ್ಲ' ಎಂಬ ಮಾತಿಗೆ ಬೆಲೆ ಕಟ್ಟುವುದು ಸುಲಭ. ಒಂದು ನಾಟಕಕ್ಕೆ 35 ದಿನ ಸಂಜೆ ತಾಲೀಮು, ದಿನಕ್ಕೆ ಬಸ್ಸಿಗೆ 60, ತಿಂಡಿ ಚಹಕ್ಕೆ 40 ಅಂದರೆ 3,500 ರೂಪಾಯಿ ಕೈಬಿಟ್ಟಿತು. ಎರಡು ಪ್ರದರ್ಶನಕ್ಕೆ ತಲಾ 1,000 ಗೌರವಧನ ಬಂದರೆ ನೀವು 1,500 ಕೊಟ್ಟು ನಟಿಸಿದಿರಿ. ಹಳ್ಳಿಯ ದುರ್ಯೋಧನನೂ ಕೊಟ್ಟೇ ನಟಿಸುತ್ತಾನೆ, ಆದರೆ ಗೊತ್ತಿದ್ದು ಕೊಡುತ್ತಾನೆ. ವರ್ಷಕ್ಕೆ ಒಂದು ನಾಟಕ ಹೀಗೆ ಕೈಯಿಂದ ಹಾಕಿ ಮಾಡಬಹುದು, ಒಳ್ಳೆಯ ನಿರ್ದೇಶಕರ ಹತ್ತಿರ ಕಲಿಯಲು. ಮೂರು ಮಾಡಿದರೆ ಆ ವರ್ಷ ಮುಗಿಯಿತು. ಉಳಿದ ಕಡೆ ಪ್ರದರ್ಶನದ ಸಂಭಾವನೆ ಬಿಟ್ಟುಕೊಟ್ಟರೂ ತಾಲೀಮಿನ ಬಸ್ ಚಾರ್ಜನ್ನಾದರೂ ಕೇಳಿ. ಆಶ್ಚರ್ಯವೆಂದರೆ ತಂಡಗಳು ಇದನ್ನು ಬೇಗ ಒಪ್ಪುತ್ತವೆ. ಯಾರೂ ಕೇಳುವುದಿಲ್ಲ ಅಷ್ಟೇ.

ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅನ್ನುವುದನ್ನೂ ಮೊದಲ ದಿನವೇ ಹೇಳಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳು ಹೆಣ್ಣುಮಕ್ಕಳಿಗೆ ಉಚಿತವಾಗಿವೆ, ತಾಲೀಮಿನ ಖರ್ಚಿನಲ್ಲಿ ಅದು ದೊಡ್ಡ ಉಳಿತಾಯ. ಆದರೆ ರಾತ್ರಿ ಹತ್ತೂವರೆಗೆ ನಾಟಕ ಮುಗಿದಾಗ ಬಸ್ಸೇ ಇರುವುದಿಲ್ಲ. ಕಲಾವಿದೆಯರಿಗೆ ಪ್ರದರ್ಶನದ ರಾತ್ರಿಯ ಗಾಡಿ ಅಥವಾ ತಂಗುವ ಜಾಗ ಸಂಭಾವನೆಯ ಹೊರಗೆ ತಂಡದ ಖರ್ಚು ಅಂತ ಮೊದಲೇ ಮಾತಾಗಿರಬೇಕು. ಎಷ್ಟೋ ಹುಡುಗಿಯರ ನಾಟಕ ನಿಂತದ್ದು ಮನೆಯಲ್ಲಿ ಬೇಡ ಅಂದದ್ದಕ್ಕೆ ಅನ್ನುತ್ತಾರೆ. ಮನೆಯವರು ಬೇಡ ಅಂದದ್ದು ಬಹಳ ಸಲ ಆ ಹತ್ತೂವರೆಯನ್ನು.

ಕರಾರುಪತ್ರ ಅಂದರೆ ಸ್ಟ್ಯಾಂಪ್ ಪೇಪರು, ವಕೀಲರು ಅಂತ ಹೆದರಬೇಕಿಲ್ಲ. ಮಾತಾಡಿ ಬಂದ ಸಂಜೆಯೇ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಕಳಿಸಿ: ಸರ್, ಇವತ್ತು ಮಾತಾದ ಹಾಗೆ ಇಂಥ ಪಾತ್ರ, ತಾಲೀಮು ಇಂಥ ತಾರೀಖಿನಿಂದ ಇಷ್ಟು ದಿನ, ಪ್ರದರ್ಶನ ಇಷ್ಟು, ಒಂದಕ್ಕೆ ಇಷ್ಟು ರೂಪಾಯಿ, ಪ್ರಯಾಣ ಊಟ ತಂಡದ್ದು, ಪ್ರದರ್ಶನ ರದ್ದಾದರೆ ಇಷ್ಟು. ಅವರು 'ಸರಿ' ಅಂದರೆ ಸಾಕು, ಮುಂದೆ ತಕರಾರು ಬಂದಾಗ ತೋರಿಸಲು ಒಂದು ಬರಹವಿದೆ. ಹಣವನ್ನು ಮೂರು ಕಂತು ಮಾಡಿ: ಒಪ್ಪಿದಾಗ ಕಾಲು ಭಾಗ, ತಾಲೀಮಿನ ಅರ್ಧದಲ್ಲಿ ಕಾಲು, ಉಳಿದದ್ದು ಮೊದಲ ಪ್ರದರ್ಶನದ ದಿನ ಬಣ್ಣ ಹಚ್ಚುವ ಮುಂಚೆ. ಬಣ್ಣ ಹಚ್ಚಿದ ಮೇಲೆ ಕೇಳಿದರೆ ಜಗಳಗಂಟ ಅನ್ನಿಸಿಕೊಳ್ಳುತ್ತೀರಿ, ಬಣ್ಣ ಒರೆಸಿದ ಮೇಲೆ ಕೇಳಿದರೆ ಸಿಗುವುದು ಶಾಲು.

ವಿಡಿಯೊ ಚಿತ್ರೀಕರಣಕ್ಕೆ ಬೇರೆಯೇ ಮಾತು ಬೇಕು. ನಾಟಕವನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವುದು ಈಗ ಮಾಮೂಲಾಗಿದೆ. ಪ್ರದರ್ಶನದ ಮೇಲೆ ಕಲಾವಿದರಿಗೆ ಹಕ್ಕಿದೆ ಅಂತ 1957ರ ಕೃತಿಸ್ವಾಮ್ಯ ಕಾಯ್ದೆ ಹೇಳುತ್ತದೆ. 2012ರ ತಿದ್ದುಪಡಿಯ ನಂತರ ಧ್ವನಿಮುದ್ರಣ, ಚಿತ್ರೀಕರಣವನ್ನು ವಾಣಿಜ್ಯವಾಗಿ ಬಳಸಿದರೆ ಅದರಲ್ಲಿ ಪಾಲೂ ಇದೆ. ಹಕ್ಕು ವರ್ಗಾವಣೆ ಬಾಯಿಮಾತಿನಲ್ಲಿ ಆಗುವುದಿಲ್ಲ, ಬರಹದಲ್ಲಿ ಆಗಬೇಕು. ಹಾಗಾಗಿ ಯಾರಾದರೂ ಒಂದು ಹಾಳೆ ತಂದು 'ಸುಮ್ಮನೆ ಒಂದು ಸೈನ್' ಅಂದರೆ ಆ ಸುಮ್ಮನೆಯ ಹಾಳೆಯನ್ನೇ ಪೂರ್ತಿ ಓದಬೇಕು.

ಧಾರಾವಾಹಿಗೆ ಹೋಗುವುದು ತಪ್ಪಲ್ಲ, ರಂಗಭೂಮಿಗೆ ದ್ರೋಹವೂ ಅಲ್ಲ. ದಿನದ ಸಂಭಾವನೆ ಕೇಳಿದಾಗ ಮೂರು ಕಳೆಯಬೇಕು: ಕೋ-ಆರ್ಡಿನೇಟರ್ ಕಮಿಷನ್, ಸ್ವಂತ ಬಟ್ಟೆಯ ಖರ್ಚು, ತೆರಿಗೆ. ಒಂದೇ ಸಂಸ್ಥೆಯಿಂದ ವರ್ಷಕ್ಕೆ ಬರುವ ವೃತ್ತಿ ಶುಲ್ಕ 50,000 ದಾಟಿದರೆ (2025-26ರ ಮಿತಿ) ಶೇ. 10 ಮೂಲದಲ್ಲೇ ಕಡಿತ. ಪ್ಯಾನ್ ಕೊಡದಿದ್ದರೆ ಶೇ. 20. ತೆರಿಗೆ ಬೀಳುವಷ್ಟು ಆದಾಯವಿಲ್ಲದವರು ರಿಟರ್ನ್ ಸಲ್ಲಿಸಿ ಇದನ್ನು ವಾಪಸ್ ಪಡೆಯಬಹುದು, ಬಹಳ ಜನ ಪಡೆಯುವುದಿಲ್ಲ. ಇಲ್ಲೊಂದು ಎಚ್ಚರ. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ ಮಿತಿ 1.20 ಲಕ್ಷ, ತೆರಿಗೆ ಕಟ್ಟುವವರಿಗೆ ಅದು ಇಲ್ಲ. ಮೇಲಿನ ಉದಾಹರಣೆಯ ನಟನೇ ಈ ಮಿತಿ ದಾಟಿದ್ದಾನೆ ನೋಡಿ! ಕಾರ್ಡು ಹೋದರೆ ಬರೀ ಅಕ್ಕಿ ಹೋಗುವುದಿಲ್ಲ, ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಯೂ ಹೋಗುತ್ತದೆ. ಆದಾಯ ಏರುತ್ತಿದೆ ಅನ್ನಿಸಿದ ವರ್ಷವೇ ಬೇರೆ ಆರೋಗ್ಯ ವಿಮೆಯ ಯೋಚನೆ ಮಾಡಬೇಕಾದದ್ದು ಅದಕ್ಕೆ.

ಬ್ಯಾಂಕಿನಲ್ಲಿ ಒಂದು ಸಹಿ ಹಾಕಿದರೆ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ, 436 ರೂಪಾಯಿಗೆ 2 ಲಕ್ಷದ ಜೀವ ವಿಮೆ ಇವೆ. ತಿರುಗಾಟದ ಗಾಡಿ ರಾತ್ರಿ ಹೊತ್ತು ಘಾಟಿ ಇಳಿಯುವುದರಿಂದ ಇದನ್ನು ತಂಡವೇ ಎಲ್ಲರಿಗೂ ಮಾಡಿಸುವುದು ಮೇಲು. ಮೊದಲನೆಯದು ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಕಾಲು ಮುರಿದು ಮೂರು ತಿಂಗಳು ಮಲಗಿದರೆ ಅದರಿಂದ ಏನೂ ಬರುವುದಿಲ್ಲ.

ಕರಪತ್ರದ ಫೈಲು

ಕಲಾವಿದರ ಮಾಸಾಶನಕ್ಕೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಅರ್ಜಿ ಹಾಕಲು 58 ವರ್ಷ ತುಂಬಿರಬೇಕು. ಜೊತೆಗೆ ಇಷ್ಟು ವರ್ಷ ಕಲಾಸೇವೆ ಮಾಡಿದ್ದಕ್ಕೆ ದಾಖಲೆ. ಮೂವತ್ತು ವರ್ಷ ಬಣ್ಣ ಹಚ್ಚಿದವರು ಇಲ್ಲಿ ಸೋಲುತ್ತಾರೆ. ಕರಪತ್ರ ಉಳಿದಿಲ್ಲ, ಉಳಿದದ್ದರಲ್ಲಿ 'ಮತ್ತು ಸಂಗಡಿಗರು' ಅಂತಿದೆ. ಅಥವಾ ಕರಪತ್ರದಲ್ಲಿ ಊರು ಕರೆಯುವ ಹೆಸರು, ಆಧಾರ್‌ನಲ್ಲಿ ಅಪ್ಪ ಇಟ್ಟ ಹೆಸರು. ಇದೇ ದಾಖಲೆ ವಿದ್ಯಾರ್ಥಿವೇತನಕ್ಕೂ ಬೇಕು, ರಾಷ್ಟ್ರೀಯ ನಾಟಕ ಶಾಲೆಯ ಅರ್ಜಿಗೂ ಬೇಕು. ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆಂದು ರಾಜ್ಯದಲ್ಲಿ 2024ರಲ್ಲಿ ಕಾಯ್ದೆ ಆಗಿದೆ. ಅಂಥ ಯಾವ ನೋಂದಣಿಯೇ ಆದರೂ ಮೊದಲ ಪ್ರಶ್ನೆ ನೀವು ಕಲಾವಿದರೆಂದು ಏನು ಗುರುತು ಅನ್ನುವುದೇ.

ಆದ್ದರಿಂದ ಮೊದಲ ನಾಟಕದಿಂದಲೇ ಒಂದು ಫೈಲು ಮಾಡಿ. ಪ್ರತಿ ನಾಟಕಕ್ಕೆ ಕರಪತ್ರ ಅಥವಾ ಆಹ್ವಾನ ಪತ್ರಿಕೆ, ವೇಷದಲ್ಲಿ ಮುಖ ಗುರುತು ಸಿಗುವ ಒಂದು ಫೋಟೊ, ಪತ್ರಿಕೆಯಲ್ಲಿ ಸುದ್ದಿ ಬಂದಿದ್ದರೆ ತಾರೀಖು ಕಾಣುವಂತೆ ಆ ತುಣುಕು, ತಂಡದ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲಿನ ಪ್ರಮಾಣಪತ್ರ. ಪ್ರಮಾಣಪತ್ರವನ್ನು ಕೊನೆಯ ಪ್ರದರ್ಶನದ ದಿನವೇ ಕೇಳಿ ಪಡೆಯಿರಿ. ವರ್ಷದ ನಂತರ ತಂಡವೇ ಒಡೆದಿರಬಹುದು. ಆಕಾಶವಾಣಿಯ ನಾಟಕ ವಿಭಾಗದ ಧ್ವನಿ ಪರೀಕ್ಷೆಗೆ ಅರ್ಜಿ ಹಾಕಿ. ಅಲ್ಲಿ ಸಿಗುವ ಬಿ, ಬಿ-ಹೈ, ಎ ಶ್ರೇಣಿಯಿಂದ ವರ್ಷಕ್ಕೆ ಬರುವ ಕೆಲಸ ಕೆಲವೇ ಇರಬಹುದು, ಆದರೆ ಸರ್ಕಾರವೇ ನಿಮ್ಮನ್ನು ಕಲಾವಿದರೆಂದು ಬರೆದುಕೊಟ್ಟ ಕಾಗದ ಅದು.

ಸರ್ಕಾರಿ ಕಾರ್ಯಕ್ರಮದ ಹಣ ಈಗ ಖಾತೆಗೇ ಬರುತ್ತದೆ. ತಂಡದ ಮುಖ್ಯಸ್ಥರ ಖಾತೆಗೆ ಬಂದದ್ದು ನಿಮ್ಮವರೆಗೆ ತಲುಪುವ ಹೊತ್ತಿಗೆ ತೆಳುವಾಗುವುದುಂಟು, ಆದ್ದರಿಂದ ಕಲಾವಿದರ ಪಟ್ಟಿ ಕೊಡುವಾಗಲೇ ನಿಮ್ಮ ಖಾತೆಯ ವಿವರವನ್ನೂ ಸೇರಿಸಲು ಕೇಳಬೇಕು. ಆಧಾರ್, ಪ್ಯಾನ್, ಪಾಸ್‌ಬುಕ್ ಮೂರರಲ್ಲೂ ಹೆಸರಿನ ಅಕ್ಷರ, ಇನಿಷಿಯಲ್ ಒಂದೇ ಇರಲಿ. ಪರಿಶಿಷ್ಟ ಜಾತಿ, ಪಂಗಡದ ಕಲಾವಿದರಿಗೆ ಇಲಾಖೆಯ ವಿಶೇಷ ಘಟಕ ಮತ್ತು ಗಿರಿಜನ ಉಪಯೋಜನೆಗಳಲ್ಲಿ ಕಾರ್ಯಕ್ರಮ, ವಾದ್ಯ ಮತ್ತು ವೇಷಭೂಷಣದ ನೆರವು ಇರುತ್ತದೆ. ಪ್ರಕಟಣೆ ಬಂದು ಕೊನೆಯ ದಿನದವರೆಗೆ ಸಿಗುವ ಸಮಯ ಕಡಿಮೆ, ತಿರುಗಾಟದಲ್ಲಿರುವವರಿಗಂತೂ ಗೊತ್ತೇ ಆಗುವುದಿಲ್ಲ. ಜಾತಿ, ಆದಾಯ ಪ್ರಮಾಣಪತ್ರವನ್ನು ಮಳೆಗಾಲದಲ್ಲೇ ಮಾಡಿಸಿ, ಒಂದು ಪ್ರತಿಯನ್ನು ಊರಿನಲ್ಲಿ ನಂಬಿಕಸ್ಥರ ಕೈಯಲ್ಲಿ ಇಟ್ಟು ಹೊರಡುವುದು ವಾಸಿ.

ಕರಪತ್ರ ಅಚ್ಚಿಗೆ ಹೋಗುವ ಮುಂಚೆ ನಿಮ್ಮ ಹೆಸರನ್ನು ನೀವೇ ಓದಿ ನೋಡಿ. ಊರ ಹೆಸರೇ ಪ್ರಸಿದ್ಧವಾಗಿದ್ದರೆ ಆಧಾರ್ ಹೆಸರಿನ ಮುಂದೆ ಅದನ್ನು ಕಂಸದಲ್ಲಿ ಹಾಕಿಸಿ. ಐದು ಪ್ರತಿ ತೆಗೆದಿಡಿ: ಕರಪತ್ರದ ಕಾಗದ ತೆಳು, ಹತ್ತು ವರ್ಷಕ್ಕೆ ಮಡಿಕೆಯಲ್ಲೇ ಹರಿಯುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು ಇಮೇಲಿಗೂ ಕಳಿಸಿಕೊಳ್ಳಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ, ಅದರ ಮೇಲೆ ದೃಢೀಕರಣದ ಸಹಿ ಮುದ್ರೆ ನಿಲ್ಲುವುದಿಲ್ಲ.